ದೇವರನ್ನು ನಂಬದ ಮಕ್ಕಳು ಸ್ಕೌಟ್ಸ್ ಸೇರಬಹುದಾ?

ಸೇರಬಹುದು, ಆದರೆ ಎಲ್ಲ ದೇಶಗಳಲ್ಲೂ ಅಲ್ಲ. ದೇವರ ಬಗೆಗಿನ ಕರ್ತವ್ಯ ಸ್ಕೌಟ್ ಚಳವಳಿಯ ಮೂಲ ತತ್ವಗಳಲ್ಲೇ ಇದೆ. ಪ್ರತಿಜ್ಞೆಯಲ್ಲಿ ಅದನ್ನು ಹೇಗೆ ಹೇಳಿಸುತ್ತಾರೆ ಅನ್ನೋದು ಮಾತ್ರ ಬೇರೆ ಬೇರೆ.

ಬ್ರಿಟನ್‌ನಲ್ಲಿ ಹುಡುಗಿಯರ ಗೈಡ್ಸ್ ಸಂಘಟನೆಯಾದ ಗರ್ಲ್‌ಗೈಡಿಂಗ್ 2013ರಲ್ಲಿ ಪ್ರತಿಜ್ಞೆಯಿಂದ ದೇವರ ಮಾತನ್ನೇ ತೆಗೆಯಿತು. ಅಲ್ಲಿನ ಸ್ಕೌಟ್ ಸಂಘ ಹಳೆಯದನ್ನು ಉಳಿಸಿಕೊಂಡು, 2014ರಿಂದ ನಂಬಿಕೆ ಇಲ್ಲದವರಿಗೆ ಇನ್ನೊಂದು ಪ್ರತಿಜ್ಞೆ ಕೊಟ್ಟಿತು. ನನಗೆ ಇದೇ ಜಾಸ್ತಿ ಸರಿ ಅನ್ನಿಸುತ್ತದೆ. ಯಾರ ನಂಬಿಕೆಗೂ ಧಕ್ಕೆಯಿಲ್ಲ, ಯಾರಿಂದಲೂ ಸುಳ್ಳು ಹೇಳಿಸಿದಂತಾಗಲಿಲ್ಲ. ಪ್ರಾಮಾಣಿಕತೆ ಕಲಿಸುವ ಕಡೆ ಮಗು ಸುಮ್ನೆ ಬಾಯಿಮಾತಿಗೆ ಪ್ರತಿಜ್ಞೆ ಮಾಡಬಾರದು, ಅಲ್ವಾ?

ಅಮೆರಿಕದ ಬಾಯ್ ಸ್ಕೌಟ್ಸ್, ಅಂದರೆ ಈಗಿನ ಸ್ಕೌಟಿಂಗ್ ಅಮೆರಿಕ, ಸಲಿಂಗಿಗಳನ್ನೂ ಹುಡುಗಿಯರನ್ನೂ ಸೇರಿಸಿಕೊಂಡಿತು. ಧಾರ್ಮಿಕ ನಂಬಿಕೆಯ ಷರತ್ತನ್ನು ಮಾತ್ರ ಬಿಟ್ಟಿಲ್ಲ. ಹಾಗಾಗಿ ಮಗುವನ್ನು ಯಾವ ಸಂಘಕ್ಕೆ ಸೇರಿಸುತ್ತೀರೋ, ಮೊದಲು ಅದರ ಪ್ರತಿಜ್ಞೆಯನ್ನು ಪೂರ್ತಿ ಓದಿ.