ಅಮ್ಮನ ಮೊಣಕಾಲು, ಮಕ್ಕಳ ನೀರಾಟ: ಗೋಕರ್ಣವೋ, ಮಲ್ಪೆಯೋ?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಮೂರು ದಿನ ಕಡಲತೀರಕ್ಕೆ ಹೋಗಬೇಕೆಂದಿದ್ದೇವೆ. ಜೊತೆಗೆ ಮೊಣಕಾಲು ನೋವಿರುವ ಅಮ್ಮ, ಐದು ಮತ್ತು ಒಂಬತ್ತು ವರ್ಷದ ಮಕ್ಕಳು ಇರುತ್ತಾರೆ. ಗೆಳೆಯರೆಲ್ಲ ಗೋಕರ್ಣ ಅನ್ನುತ್ತಾರೆ, ನನ್ನವರು ಮಲ್ಪೆ ಅನ್ನುತ್ತಾರೆ. ಯಾವುದು ವಾಸಿ?

ಉತ್ತರ: ಈ ಸಲ ನಿಮ್ಮವರ ಮಾತು ಕೇಳಿ, ಮಲ್ಪೆಗೇ ಹೋಗಿ. ಗೋಕರ್ಣ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆಳೆಯರು ಹೊಗಳುವ ಕುಡ್ಲೆ, ಓಂ ಬೀಚ್‌ಗಳಿಗೆ ಗುಡ್ಡದ ಮೇಲಿಂದ ಮೆಟ್ಟಿಲಿಳಿದು ಹೋಗಬೇಕು. ಹಾಫ್ ಮೂನ್, ಪ್ಯಾರಡೈಸ್‌ಗೆ ಇನ್ನೂ ದೂರ ಕಾಲ್ದಾರಿ, ಇಲ್ಲವೇ ದೋಣಿ. ಇಳಿಯುವುದು ಹೇಗೋ ಆಗುತ್ತದೆ, ಸಂಜೆ ಸುಸ್ತಾದ ಮಕ್ಕಳನ್ನೂ ಅಮ್ಮನನ್ನೂ ಕರೆದುಕೊಂಡು ಹತ್ತುವುದೇ ಕಷ್ಟ. ಮಲ್ಪೆಯಲ್ಲಿ ಕಾರಿನಿಂದ ಇಳಿದರೆ ಮುಂದೆ ಮರಳೇ. ಉಡುಪಿ ಅಲ್ಲಿಂದ ಆರೇ ಕಿಲೋಮೀಟರು, ಹಾಗಾಗಿ ಅಮ್ಮನಿಗೆ ಕೃಷ್ಣ ಮಠದ ದರ್ಶನವೂ ಆಗುತ್ತದೆ.

ಮಕ್ಕಳನ್ನು ನೀರಿಗೆ ಬಿಡುವುದಾದರೆ ಒಂದು ದಿನ ಪಡುಬಿದ್ರಿಗೆ ಹೋಗಿ. ಅಲ್ಲಿನ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮನ್ನಣೆ ಸಿಕ್ಕಿತು. ಸ್ನಾನಕ್ಕೆ, ಬಟ್ಟೆ ಬದಲಿಸಲು ವ್ಯವಸ್ಥೆ ಇದೆ. ನೀರಾಟಕ್ಕೆ ಗುರುತು ಮಾಡಿದ ಜಾಗದಲ್ಲಿ ಜೀವರಕ್ಷಕರೂ ಇರುತ್ತಾರೆ. ದಾರಿಯಲ್ಲೇ ಕಾಪು ಸಿಗುತ್ತದೆ. 1901ರ ದೀಪಸ್ತಂಭವಿರುವ ಆ ಬಂಡೆಯ ಸುತ್ತ ಮಾತ್ರ ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಇದೊಂದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಎರಡೂ ಪಕ್ಕ ಅಲೆ ಒಡೆದು ನೊರೆ ಬರುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ ಸ್ವಲ್ಪ ಕಪ್ಪಾಗಿ ಕಂಡರೆ, ಅದು ಶಾಂತವಾದ ನೀರು ಅಂದುಕೊಳ್ಳಬೇಡಿ. ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ಆ ದಾರಿಯಲ್ಲೇ ಕಡಲಿಗೆ ವಾಪಸ್ ಹೋಗುತ್ತಿರಬಹುದು. ಆ ಸೆಳೆತಕ್ಕೆ ಸಿಕ್ಕಿದರೆ ನೇರ ದಡದ ಕಡೆ ಈಜಿದಷ್ಟೂ ಕೈಕಾಲು ಸೋಲುತ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವರಿಗಂತೂ ಮೊಣಕಾಲು ಮಟ್ಟದ ನೀರೇ ಜಾಸ್ತಿ. ಐದು ವರ್ಷದ ಮಗುವಿನ ಕೈಯನ್ನು ಅಲ್ಲೂ ಬಿಡಬೇಡಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಮಳೆಗಾಲದಲ್ಲಿ ನಿಲ್ಲುತ್ತದೆ, ಡಿಸೆಂಬರಿನಲ್ಲಿ ಚಿಂತೆಯಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಸೀಳಿಕೊಂಡ ಕಲ್ಲಿನ ಕಂಬಗಳು ಅಲ್ಲಿವೆ. ಹತ್ತಿರ ಹೋಗಿ ಕಂಬದ ತಲೆ ನೋಡಿದರೆ ಐದೋ ಆರೋ ಮೂಲೆ ಎಣಿಸಬಹುದು. ದೊಡ್ಡ ಮಗುವಿಗೆ ಇದನ್ನು ತೋರಿಸಲೇಬೇಕು. ದಡದ ತುಂಬ ಚಿಪ್ಪು, ಬರಿಗಾಲಲ್ಲಿ ಓಡಾಡಲು ಬಿಡಬೇಡಿ. ದೋಣಿ ಹತ್ತಿ ಇಳಿಯಲು ಕಾಲು ಎತ್ತಿ ಹಾಕಬೇಕಾಗುತ್ತದೆ, ಹಾಗಾಗಿ ಅಮ್ಮ ಅಷ್ಟು ಹೊತ್ತು ರೂಮಿನಲ್ಲಿ ವಿಶ್ರಾಂತಿ ಪಡೆಯಲಿ.

ಪ್ರಯಾಣಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಒಳ್ಳೆಯದು. ರಾತ್ರಿ ಮಲಗಿದರೆ ಬೆಳಗಿನ ಜಾವ ಉಡುಪಿ. ಘಾಟಿಯ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವ ಕಷ್ಟವೂ ತಪ್ಪುತ್ತದೆ. 60 ದಿನ ಮೊದಲೇ ಬುಕಿಂಗ್ ಶುರುವಾಗುತ್ತದೆ, ಡಿಸೆಂಬರ್ ರಜೆಯ ಸೀಟು ಬೇಗ ಮುಗಿಯುತ್ತದೆ. ಅಮ್ಮನಿಗೆ ಲೋವರ್ ಬರ್ತ್ ಕೇಳಲು ಮರೆಯಬೇಡಿ.