ವಿಎ ಪತ್ರದಲ್ಲಿ 50, 20, 10, 10 ಎಂದು ಇರುವಾಗ ಒಟ್ಟು ರೇಟಿಂಗ್ 90 ಆಗದೆ 70 ಏಕೆ ಆಯಿತು?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ನಿಮ್ಮ ಭಾವ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿ ಹೊರಬಂದಿದ್ದಾರೆ. ಅಲ್ಲಿನ ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಅವರಿಗೆ ಕಳುಹಿಸಿರುವ ನಿರ್ಧಾರ ಪತ್ರದಲ್ಲಿ, ಪರಿಹಾರಧನವನ್ನು ನಿರ್ಧರಿಸುವ ವೈಕಲ್ಯದ ರೇಟಿಂಗ್ ಆಗಿ, ಆಘಾತದ ನಂತರ ಕಾಡುವ ಮಾನಸಿಕ ತೊಂದರೆಯಾದ ಪಿಟಿಎಸ್‌ಡಿಗೆ ಶೇ. 50, ಬೆನ್ನಿಗೆ ಶೇ. 20, ಬಲ ಮೊಣಕಾಲಿಗೆ ಶೇ. 10, ಕಿವಿಯಲ್ಲಿ ಸದಾ ಗುಂಯ್‌ಗುಡುವ ಟಿನಿಟಸ್‌ಗೆ ಶೇ. 10 ಎಂದಿದೆ. ಕೂಡಿದರೆ 90 ಆಗಬೇಕಾದದ್ದು 70 ಎಂದು ಬಂದಿರುವುದು ತಪ್ಪೇ, ಅದನ್ನು ಹೆಚ್ಚಿಸಿಕೊಳ್ಳಬಹುದೇ, ಹೆಚ್ಚಿಸಿ ಕೊಡುತ್ತೇವೆ ಎನ್ನುವ ಕಂಪನಿಗೆ ಶುಲ್ಕ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ಅಮೆರಿಕದಲ್ಲಿ ಮಾಜಿ ಸೈನಿಕರ ಸಂಘಟನೆಯೊಂದರ ಮೂಲಕ ಇಂತಹ ಅರ್ಜಿಗಳನ್ನು ಸಿದ್ಧಪಡಿಸಲು ನೆರವಾಗುತ್ತೇನೆ. ಬಹುತೇಕ ಎಲ್ಲರೂ ನನ್ನ ಮುಂದೆ ಮೊದಲು ಇಡುವುದು ಇದೇ ಕೂಡಿಕೆಯ ಲೆಕ್ಕವನ್ನು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಲೆಕ್ಕ ತಪ್ಪಿಲ್ಲ. ವಿಎ ಶೇಕಡಾವಾರುಗಳನ್ನು ಕೂಡುವುದಿಲ್ಲ. ಪ್ರತಿಯೊಂದನ್ನೂ ಹಿಂದಿನ ಲೆಕ್ಕದ ನಂತರ ಉಳಿದ ಸಾಮರ್ಥ್ಯಕ್ಕೆ ಅನ್ವಯಿಸುತ್ತದೆ. ವ್ಯಕ್ತಿಯನ್ನು ಪೂರ್ಣ 100 ಎಂದು ಭಾವಿಸಿ, ಅತಿ ದೊಡ್ಡ ರೇಟಿಂಗ್ ಆದ 50ನ್ನು ಮೊದಲು ಕಳೆದರೆ ಉಳಿಯುವುದು 50. ಬೆನ್ನಿನ ಶೇ. 20 ಆ ಉಳಿದ 50ರ ಮೇಲೆ ಬೀಳುವುದರಿಂದ ಅದರ ಪಾಲು 10. ಈಗ ಒಟ್ಟು 60. ಮೊಣಕಾಲಿನ ಶೇ. 10 ಉಳಿದ 40ರ ಮೇಲೆ ಬಿದ್ದು 4 ಆಗುತ್ತದೆ, ಒಟ್ಟು 64. ಟಿನಿಟಸ್‌ನ ಶೇ. 10 ಉಳಿದ 36ರ ಮೇಲೆ ಬಿದ್ದು 3.6 ಆಗುತ್ತದೆ, ಒಟ್ಟು 67.6, ಅದನ್ನು 68 ಎಂದು ಹಿಡಿಯುತ್ತಾರೆ. ಕೊನೆಗೆ ಹತ್ತಿರದ ಹತ್ತಕ್ಕೆ ಸರಿಹೊಂದಿಸಿದಾಗ 70 ಬರುತ್ತದೆ. 5ರಲ್ಲಿ ಮುಗಿಯುವ ಸಂಖ್ಯೆ ಮೇಲಕ್ಕೇ ಹೋಗುತ್ತದೆ: 65 ಎಂದರೆ 70, 64 ಎಂದರೆ 60.

ಈ ವಿಧಾನದ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದೆ ಯಾವುದಕ್ಕೆ ಶ್ರಮ ಹಾಕಬೇಕು ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ. ನಿಮ್ಮ ಭಾವ ಈಗ 68ರಲ್ಲಿದ್ದಾರೆ. 80 ಪಡೆಯಲು ಅವರು 75 ಮುಟ್ಟಬೇಕು. ಹೊಸದಾಗಿ ಶೇ. 20ರ ಇನ್ನೊಂದು ತೊಂದರೆ ಮಾನ್ಯವಾದರೂ ಒಟ್ಟು 74.4ಕ್ಕೆ ನಿಂತು ರೇಟಿಂಗ್ 70 ಆಗಿಯೇ ಉಳಿಯುತ್ತದೆ. ಬಲ ಮೊಣಕಾಲನ್ನು ಕಾಪಾಡಿಕೊಂಡು ನಡೆದೂ ನಡೆದೂ ಎಡ ಮೊಣಕಾಲು ಹಾಳಾಗಿದೆ ಎಂದು ಅದಕ್ಕೂ ಶೇ. 10 ಸಿಕ್ಕಿತೆಂದು ಇಟ್ಟುಕೊಳ್ಳಿ. ಎರಡೂ ಕಾಲುಗಳು ಸೇರಿದಾಗ ಅವುಗಳ ಸಂಯುಕ್ತ ಮೌಲ್ಯದ ಹತ್ತರಲ್ಲಿ ಒಂದು ಭಾಗವನ್ನು ಹೆಚ್ಚುವರಿಯಾಗಿ ಸೇರಿಸುವ ನಿಯಮವಿದೆ. ಹಾಗೆ ಸೇರಿಸಿದರೂ ಲೆಕ್ಕ 72ಕ್ಕೆ ಬಂದು ನಿಲ್ಲುತ್ತದೆ, ರೇಟಿಂಗ್ ಬದಲಾಗುವುದಿಲ್ಲ. ಅದೇ ಪಿಟಿಎಸ್‌ಡಿಯ ರೇಟಿಂಗ್ ಒಂದೇ 50ರಿಂದ 70ಕ್ಕೆ ಏರಿದರೆ ಒಟ್ಟು 80 ಆಗುತ್ತದೆ. ಸಣ್ಣ ಸಣ್ಣ ತೊಂದರೆಗಳನ್ನು ಒಂದೊಂದಾಗಿ ಪೇರಿಸುತ್ತಾ ವರ್ಷಗಟ್ಟಲೆ ದಣಿಯುವವರನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವರ ಅತಿ ದೊಡ್ಡ ತೊಂದರೆ ಸರಿಯಾಗಿ ದಾಖಲಾಗಿದೆಯೇ ಎಂಬುದನ್ನು ಯಾರೂ ಕೂತು ನೋಡಿರುವುದಿಲ್ಲ.

ಹಾಗಾದರೆ ಆ ಬಿಡಿ ರೇಟಿಂಗ್‌ಗಳನ್ನು ನಿರ್ಧರಿಸುವುದು ಹೇಗೆ? ಕಾನೂನಿನ ಪ್ರಕಾರ ರೇಟಿಂಗ್ ಎಂಬುದು ಆ ಬಗೆಯ ವೈಕಲ್ಯದಿಂದ ದುಡಿಯುವ ಸಾಮರ್ಥ್ಯ ಸರಾಸರಿಯಾಗಿ ಎಷ್ಟು ಕುಗ್ಗುತ್ತದೆ ಎಂಬುದರ ಅಂದಾಜು. ಅದು ನೋವಿನ ಅಳತೆಯಲ್ಲ, ಸೇವೆಗೆ ಕಟ್ಟಿದ ಬೆಲೆಯಂತೂ ಅಲ್ಲವೇ ಅಲ್ಲ. ಪ್ರತಿ ತೊಂದರೆಗೂ ರೇಟಿಂಗ್ ಪಟ್ಟಿಯಲ್ಲಿ ಅದರದೇ ಮಾನದಂಡವಿದೆ. ಬೆನ್ನನ್ನು ಮುಂದಕ್ಕೆ ಬಾಗಿಸುವುದು 30 ಡಿಗ್ರಿ ದಾಟಿ 60 ಡಿಗ್ರಿಯೊಳಗೆ ನಿಂತರೆ ಶೇ. 20, 30 ಡಿಗ್ರಿಗೇ ನಿಂತರೆ ಶೇ. 40. ಟಿನಿಟಸ್‌ಗೆ ಒಂದೇ ಕಿವಿ ಇರಲಿ, ಎರಡೂ ಇರಲಿ, ಶೇ. 10ಕ್ಕಿಂತ ಹೆಚ್ಚು ಇಲ್ಲ. ಅಲ್ಲಿ ಹೋರಾಡಿ ಪ್ರಯೋಜನವಿಲ್ಲ. ಮಾನಸಿಕ ತೊಂದರೆಗಳಿಗೆಲ್ಲ ಸೇರಿ ಒಂದೇ ಮಾಪನವಿದ್ದು, ಅದರಲ್ಲಿ 0, 10, 30, 50, 70, 100 ಎಂಬ ಮೆಟ್ಟಿಲುಗಳಿವೆ. ಕೆಲಸದಲ್ಲಿನ ವಿಶ್ವಾಸಾರ್ಹತೆ ಮತ್ತು ಉತ್ಪಾದಕತೆ ಕುಗ್ಗಿದ್ದರೆ 50. ಕೆಲಸ, ಕುಟುಂಬದ ಸಂಬಂಧ, ವಿವೇಚನೆ, ಯೋಚನೆ, ಮನಃಸ್ಥಿತಿ ಮುಂತಾದ ಬಹುತೇಕ ಕ್ಷೇತ್ರಗಳಲ್ಲಿ ಕೊರತೆ ಕಂಡರೆ 70. ಆದ್ದರಿಂದ ರೋಗದ ಹೆಸರನ್ನು ಒತ್ತಿ ಹೇಳುವುದರಿಂದ ರೇಟಿಂಗ್ ಏರುವುದಿಲ್ಲ. ರಾತ್ರಿ ನಿದ್ರೆಯಿಲ್ಲದೆ ಬೆಳಗಿನ ಪಾಳಿಗೆ ಎಷ್ಟು ಬಾರಿ ಹೋಗಲಾಗಲಿಲ್ಲ, ಮಕ್ಕಳ ಶಾಲೆಯ ಸಮಾರಂಭಕ್ಕೆ ಜನಸಂದಣಿಯ ಭಯದಿಂದ ಹೋಗುವುದನ್ನು ಯಾವಾಗ ನಿಲ್ಲಿಸಿದರು, ಮೇಲಧಿಕಾರಿಯೊಂದಿಗೆ ಏಕೆ ಜಗಳವಾಯಿತು ಎಂಬ ವಿವರಗಳೇ ಅಲ್ಲಿ ತೂಕ ಪಡೆಯುತ್ತವೆ. ನಿಮ್ಮ ಅಕ್ಕ ತಾವು ಕಣ್ಣಾರೆ ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಬರೆದು ಸಹಿ ಮಾಡಿ ಕೊಟ್ಟರೆ ಅದೂ ಸಾಕ್ಷ್ಯವೇ ಆಗುತ್ತದೆ, ವಿಎ ಅದನ್ನು ಪರಿಗಣಿಸಲೇಬೇಕು.

ಈ ವಿವರಗಳು ಕಡತ ಸೇರದೆ ಹೋಗುವುದು ಹೆಚ್ಚಾಗಿ ವೈದ್ಯಕೀಯ ಪರೀಕ್ಷೆಯ ದಿನ. ಸಿ ಅಂಡ್ ಪಿ ಎಂದು ಕರೆಯುವ ಈ ಪರೀಕ್ಷೆಯಲ್ಲಿ ಚಿಕಿತ್ಸೆ ಇರುವುದಿಲ್ಲ. ರೇಟಿಂಗ್ ಪಟ್ಟಿಗೆ ಬೇಕಾದ ಮಾಹಿತಿಯನ್ನು ತುಂಬುವುದಷ್ಟೇ ಅದರ ಉದ್ದೇಶ. ಕೀಲಿನ ಪರೀಕ್ಷೆಯಾದರೆ ಪರೀಕ್ಷಕರು ಗೋನಿಯೋಮೀಟರ್ ಎಂಬ ಕೋನಮಾಪಕವನ್ನು ಮೊಣಕಾಲಿನ ಪಕ್ಕಕ್ಕೆ ಹಿಡಿದು, ಕಾಲು ಮಡಚಲು ಹೇಳಿ, ಮುಳ್ಳು ನಿಂತ ಡಿಗ್ರಿಯನ್ನು ಬರೆದುಕೊಳ್ಳುತ್ತಾರೆ. ಸೈನಿಕನಾಗಿದ್ದವನು ಅಲ್ಲಿ ಹಲ್ಲು ಕಚ್ಚಿ ಕಾಲನ್ನು ಪೂರ್ತಿ ಮಡಚುತ್ತಾನೆ, ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಾನೆ, ಏಕೆಂದರೆ ವರ್ಷಾನುಗಟ್ಟಲೆ ಅವನಿಗೆ ಕಲಿಸಿದ್ದೇ ಅದು. ಆ ಡಿಗ್ರಿಯೇ ಕಡತದಲ್ಲಿ ಉಳಿಯುತ್ತದೆ. ನೋವು ಯಾವ ಹಂತದಲ್ಲಿ ಶುರುವಾಯಿತೋ ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ನೋವು ಉಲ್ಬಣಿಸುವ ದಿನಗಳು ಎಷ್ಟು ಸಲ ಬರುತ್ತವೆ, ಆಗ ಏನೇನು ಮಾಡಲಾಗುವುದಿಲ್ಲ ಎಂಬುದನ್ನೂ ತಿಳಿಸಬೇಕು. ಅಂತಹ ದಿನಗಳಲ್ಲಿನ ಮಿತಿಯನ್ನು ಪರೀಕ್ಷಕರು ಗಣನೆಗೆ ತೆಗೆದುಕೊಳ್ಳಬೇಕೆಂಬುದು ಸ್ಥಾಪಿತ ನಿಯಮ. ಇಲ್ಲದ್ದನ್ನು ಸೇರಿಸಬಾರದು, ಇರುವುದನ್ನು ಮುಚ್ಚಿಡಲೂಬಾರದು.

ಇನ್ನು ಎಡ ಮೊಣಕಾಲಿನ ವಿಷಯ. ರೇಟಿಂಗ್‌ಗೆ ಮೊದಲು ಆ ತೊಂದರೆಗೆ ಸೇವೆಯೊಂದಿಗೆ ಸಂಬಂಧವಿದೆ ಎಂದು ಸಾಬೀತಾಗಬೇಕು. ಅದಕ್ಕೆ ಮೂರು ಬೇಕು: ಈಗ ಇರುವ ತೊಂದರೆಯ ವೈದ್ಯಕೀಯ ನಿರ್ಣಯ, ಸೇವೆಯಲ್ಲಿದ್ದಾಗಿನ ಘಟನೆ, ಗಾಯ ಅಥವಾ ಕಾಯಿಲೆ, ಮತ್ತು ಇವೆರಡನ್ನೂ ಜೋಡಿಸುವ ವೈದ್ಯರ ಅಭಿಪ್ರಾಯ. ಈ ಜೋಡಣೆ ನೂರಕ್ಕೆ ನೂರು ಖಚಿತವಾಗಿರಬೇಕಿಲ್ಲ. ಸಂಬಂಧ ಇರುವ ಸಾಧ್ಯತೆ ಇಲ್ಲದಿರುವ ಸಾಧ್ಯತೆಗೆ ಕನಿಷ್ಠ ಸಮನಾಗಿದ್ದರೆ ಸಾಕು, ಸಂದೇಹದ ಲಾಭ ಮಾಜಿ ಸೈನಿಕನಿಗೇ ಸಲ್ಲಬೇಕೆಂದು ಕಾನೂನು ಹೇಳುತ್ತದೆ. ಈಗಾಗಲೇ ಮಾನ್ಯವಾದ ತೊಂದರೆಯಿಂದ ಹುಟ್ಟಿದ ಇನ್ನೊಂದು ತೊಂದರೆಯೂ ಮಾನ್ಯವಾಗುತ್ತದೆ. ನಿಮ್ಮ ಭಾವನ ಎಡ ಮೊಣಕಾಲಿಗೆ ಇದೇ ದಾರಿ. 2022ರ ಆಗಸ್ಟ್ 10ರಂದು ಸಹಿಯಾದ ಪ್ಯಾಕ್ಟ್ ಆಕ್ಟ್ ಎಂಬ ಕಾನೂನು ಇನ್ನೊಂದು ದಾರಿಯನ್ನು ವಿಸ್ತರಿಸಿದೆ. ಇರಾಕ್, ಅಫ್ಘಾನಿಸ್ತಾನ ಮುಂತಾದ ಕಡೆ ತ್ಯಾಜ್ಯ ಸುಡುವ ಗುಂಡಿಗಳ ಹೊಗೆಗೆ ಒಡ್ಡಿಕೊಂಡವರಿಗೆ ಕೆಲವು ಶ್ವಾಸಕೋಶದ ಕಾಯಿಲೆಗಳು ಮತ್ತು ಕ್ಯಾನ್ಸರ್‌ಗಳು ಬಂದರೆ, ಸೇವೆಯ ಸಂಬಂಧವನ್ನು ಕಾನೂನೇ ಊಹಿಸಿಕೊಳ್ಳುತ್ತದೆ, ವೈದ್ಯರ ಜೋಡಣೆಯ ಪತ್ರ ಬೇಕಿಲ್ಲ. ಅವರು ಆ ಪ್ರದೇಶಗಳಲ್ಲಿ ಇದ್ದರೆ ಆ ಪಟ್ಟಿಯನ್ನು ಒಮ್ಮೆ ಓದಿಸಿ.

ಹಣದ ವಿಷಯದಲ್ಲಿ ಮೆಟ್ಟಿಲುಗಳು ಸಮಾನವಾಗಿಲ್ಲ. 2024ರ ಡಿಸೆಂಬರ್ 1ರಿಂದ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ದರದಲ್ಲಿ, ಅವಲಂಬಿತರಿಲ್ಲದ ವ್ಯಕ್ತಿಗೆ ಶೇ. 10ಕ್ಕೆ ತಿಂಗಳಿಗೆ 175.51 ಡಾಲರ್, ಶೇ. 70ಕ್ಕೆ 1,759.19, ಶೇ. 80ಕ್ಕೆ 2,044.89, ಶೇ. 90ಕ್ಕೆ 2,297.96, ಶೇ. 100ಕ್ಕೆ 3,831.30 ಇತ್ತು. ಕೊನೆಯ ಮೆಟ್ಟಿಲಿನ ಜಿಗಿತವನ್ನು ಗಮನಿಸಿ. ಅಮೆರಿಕದ ಸಾರ್ವಜನಿಕ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿಯ ಏರಿಕೆಯ ಪ್ರಮಾಣದಲ್ಲಿಯೇ ಈ ದರಗಳೂ ಏರುತ್ತವೆ. ಈ ಹಣಕ್ಕೆ ಅಮೆರಿಕದ ಆದಾಯ ತೆರಿಗೆ ಇಲ್ಲ. ಶೇ. 30 ಮತ್ತು ಅದಕ್ಕಿಂತ ಹೆಚ್ಚಿನ ರೇಟಿಂಗ್ ಇರುವವರಿಗೆ ಹೆಂಡತಿ, ಮಕ್ಕಳು, ಆರ್ಥಿಕವಾಗಿ ಅವಲಂಬಿತರಾದ ತಂದೆ ತಾಯಿಯ ಲೆಕ್ಕದಲ್ಲಿ ಮೊತ್ತ ಹೆಚ್ಚುತ್ತದೆ, ಆದರೆ ಅವರ ವಿವರ ವಿಎ ಕಡತದಲ್ಲಿ ಇರಬೇಕು. ನಿಮ್ಮ ಅಕ್ಕ ಮತ್ತು ಮಕ್ಕಳ ಹೆಸರು ಸೇರಿದೆಯೇ ಎಂದು ಮೊದಲು ನೋಡಿ. ಸೇರಿಲ್ಲದಿದ್ದರೆ 21-686ಸಿ ಎಂಬ ನಮೂನೆ ಸಾಕು, ಅದಕ್ಕೆ ಯಾವ ಹೋರಾಟವೂ ಬೇಡ. ಶೇ. 50 ದಾಟಿರುವುದರಿಂದ ಅವರು ವಿಎ ಆರೋಗ್ಯ ಸೇವೆಯ ಮೊದಲ ಆದ್ಯತೆಯ ಗುಂಪಿಗೂ ಸೇರುತ್ತಾರೆ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದೊಂದಿದೆ. ಅವರ ಪರಿಸ್ಥಿತಿಗೆ ಇದೇ ಅತಿ ಮುಖ್ಯವಾಗಬಹುದು. ಒಟ್ಟು ರೇಟಿಂಗ್ 70 ಆಗಿದ್ದು, ಅದರಲ್ಲಿ ಒಂದಾದರೂ 40 ಅಥವಾ ಹೆಚ್ಚು ಇದ್ದು, ಸೇವಾ ಸಂಬಂಧಿತ ತೊಂದರೆಗಳಿಂದಾಗಿಯೇ ಜೀವನ ನಡೆಸುವಷ್ಟು ಸಂಬಳದ ಸ್ಥಿರ ಉದ್ಯೋಗವನ್ನು ಉಳಿಸಿಕೊಳ್ಳಲಾಗದಿದ್ದರೆ, ಶೇ. 100ರ ದರದಲ್ಲಿಯೇ ಪರಿಹಾರ ಕೊಡುವ ಅವಕಾಶವಿದೆ. ಟಿಡಿಐಯು ಎಂದು ಕರೆಯುವ ಈ ಅವಕಾಶದ ಸಂಖ್ಯೆಯ ಷರತ್ತನ್ನು ನಿಮ್ಮ ಭಾವ ಈಗಾಗಲೇ ಪೂರೈಸಿದ್ದಾರೆ. ಅವರು ಕೆಲಸ ಬಿಡಬೇಕಾಗಿ ಬಂದಿದ್ದರೆ, 80 ಹೇಗೆ ಪಡೆಯುವುದು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಇದನ್ನೇ ಮೊದಲು ಪರಿಶೀಲಿಸಬೇಕು. ಅವರು ಪೂರ್ಣಾವಧಿ ಉದ್ಯೋಗದಲ್ಲಿ ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದರೆ ಇದು ಅನ್ವಯಿಸುವುದಿಲ್ಲ.

ನಿರ್ಧಾರವನ್ನು ಪ್ರಶ್ನಿಸಲು 2019ರ ಫೆಬ್ರವರಿಯಿಂದ ಮೂರು ಮಾರ್ಗಗಳಿವೆ. ಹೊಸದಾದ ಮತ್ತು ಸಂಬಂಧಪಟ್ಟ ಸಾಕ್ಷ್ಯವಿದ್ದರೆ ಪೂರಕ ಅರ್ಜಿ. ಸಾಕ್ಷ್ಯವೆಲ್ಲ ಕಡತದಲ್ಲೇ ಇದ್ದು ಓದಿದವರು ತಪ್ಪಿದ್ದಾರೆ ಎನಿಸಿದರೆ ಹಿರಿಯ ಪರಿಶೀಲಕರ ಮುಂದಿನ ಮರುಪರಿಶೀಲನೆ, ಅಲ್ಲಿ ಹೊಸ ಕಾಗದ ಸ್ವೀಕರಿಸುವುದಿಲ್ಲ. ಮೂರನೆಯದು ಮೇಲ್ಮನವಿ ಮಂಡಳಿಯ ನ್ಯಾಯಾಧೀಶರ ಮುಂದೆ ಹೋಗುವುದು. ಯಾವುದನ್ನು ಆರಿಸಬೇಕು ಎಂಬುದಕ್ಕೆ ಉತ್ತರ ಪತ್ರದಲ್ಲೇ ಇದೆ: ಪ್ರತಿ ತೊಂದರೆಯ ಕೆಳಗೆ ಈ ರೇಟಿಂಗ್ ಏಕೆ, ಮುಂದಿನ ಮೆಟ್ಟಿಲಿಗೆ ಏನು ಬೇಕಿತ್ತು ಎಂದು ಬರೆದಿರುತ್ತಾರೆ. ಹೆಚ್ಚಿನವರು ಮೊದಲ ಪುಟದ ಸಂಖ್ಯೆ ಓದಿ ಮಡಚಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಪತ್ರದ ದಿನಾಂಕದಿಂದ ಒಂದು ವರ್ಷದೊಳಗೆ ಈ ಮೂರರಲ್ಲಿ ಒಂದನ್ನು ಹಿಡಿದರೆ, ಗೆದ್ದಾಗ ಹಣ ಮೂಲ ಅರ್ಜಿಯ ದಿನಾಂಕಕ್ಕೆ ಹಿಂದಕ್ಕೆ ಹೋಗಬಲ್ಲದು. ವರ್ಷ ದಾಟಿದರೆ ಆ ಹಿಂಬಾಕಿ ಸಾಮಾನ್ಯವಾಗಿ ಕೈತಪ್ಪುತ್ತದೆ. ಕಡತ ತೆರೆದಾಗ ರೇಟಿಂಗ್ ಇಳಿಯುವ ಸಾಧ್ಯತೆಯೂ ಇದೆ ಎಂಬುದನ್ನು ಮರೆಯಬಾರದು; ಬರುತ್ತಿರುವ ಮೊತ್ತ ಕಡಿಮೆಯಾಗುವ ಹಾಗಿದ್ದರೆ ಮೊದಲೇ ತಿಳಿಸಿ, ಸಾಕ್ಷ್ಯ ಕೊಡಲು 60 ದಿನ ನೀಡುತ್ತಾರೆ. ಸುಧಾರಣೆ ಕಂಡಿರುವ ತೊಂದರೆಯನ್ನು ಕೆಣಕುವ ಮುನ್ನ ಅನುಭವಿಗಳೊಂದಿಗೆ ಮಾತನಾಡುವುದು ಒಳ್ಳೆಯದು.

ಕಂಪನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೊಡಬೇಡಿ. ಹೆಚ್ಚಳವಾದ ಹಣದ ಹಲವು ತಿಂಗಳ ಪಾಲು ಕೇಳುತ್ತಿದ್ದಾರೆ ಎಂದಿದ್ದೀರಿ. ವಿಎ ಮಾನ್ಯತೆ ಇಲ್ಲದವರು ಇಂತಹ ಅರ್ಜಿ ಸಿದ್ಧಪಡಿಸಿ ಶುಲ್ಕ ಪಡೆಯುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಮಾನ್ಯತೆ ಪಡೆದ ವಕೀಲರು ಮತ್ತು ಏಜೆಂಟರು ಕೂಡ ಮೊದಲ ನಿರ್ಧಾರ ಬಂದ ನಂತರವಷ್ಟೇ ಶುಲ್ಕ ಪಡೆಯಬಹುದು, ಹಿಂಬಾಕಿಯ ಶೇ. 20 ಮೀರದಿದ್ದರೆ ಅದನ್ನು ಸಮಂಜಸ ಎಂದು ಪರಿಗಣಿಸುತ್ತಾರೆ. ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್ ಮುಂತಾದ ಮಾಜಿ ಸೈನಿಕರ ಸಂಘಟನೆಗಳ ಮಾನ್ಯ ಪ್ರತಿನಿಧಿಗಳು ಇದೇ ಕೆಲಸವನ್ನು ಉಚಿತವಾಗಿ ಮಾಡುತ್ತಾರೆ. ವಿಎ ಜಾಲತಾಣದಲ್ಲಿ ಹೆಸರು ಹಾಕಿ ಮಾನ್ಯತೆ ಇದೆಯೇ ಎಂದು ಪರಿಶೀಲಿಸಬಹುದು. ನಿಮ್ಮ ಭಾವನ ಲಾಗಿನ್ ಮತ್ತು ಬ್ಯಾಂಕ್ ವಿವರ ಕೇಳುವವರು ಯಾರೇ ಆಗಲಿ, ಅಲ್ಲಿಗೇ ಮಾತು ನಿಲ್ಲಿಸಲಿ.

ಮುಂದೆ ಅವರು ಭಾರತಕ್ಕೆ ಮರಳಿದರೆ ಪರಿಹಾರಧನ ನಿಲ್ಲುತ್ತದೆಯೇ ಎಂದೂ ಕೇಳಿದ್ದೀರಿ. ನಿಲ್ಲುವುದಿಲ್ಲ. ಸೇವಾ ಸಂಬಂಧಿತ ತೊಂದರೆಗಳ ಚಿಕಿತ್ಸೆಗೆ ವಿಎಯ ವಿದೇಶಿ ವೈದ್ಯಕೀಯ ಕಾರ್ಯಕ್ರಮವಿದೆ, ಹೊರಡುವ ಮುನ್ನ ಅದಕ್ಕೆ ನೋಂದಾಯಿಸಿ, ವಿಳಾಸ ಬದಲಾವಣೆಯನ್ನು ತಿಳಿಸಿದರೆ ಸಾಕು. ಪರೀಕ್ಷೆಗೆ ಕರೆದ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ಅವರು ಹಾಜರಾಗದೆ ಉಳಿದರೆ ಹೆಚ್ಚಳದ ಅರ್ಜಿ ಅದೊಂದೇ ಕಾರಣಕ್ಕೆ ತಿರಸ್ಕೃತವಾಗಬಹುದು. ಆದ್ದರಿಂದ ಸಾಧ್ಯವಾದರೆ ಪಿಟಿಎಸ್‌ಡಿ ಮತ್ತು ಬೆನ್ನಿನ ಹೆಚ್ಚಳದ ಕೆಲಸವನ್ನು ಅವರು ಅಮೆರಿಕದಲ್ಲಿ ಇರುವಾಗಲೇ, ಪತ್ರದ ದಿನಾಂಕದ ಒಂದು ವರ್ಷ ಮುಗಿಯುವುದರೊಳಗೆ ಆರಂಭಿಸಲು ಹೇಳಿ.