ಕಾಣಿಕೆಯನ್ನು ಅಲ್ಲಿಯೇ ಬಿಟ್ಟು

ನಾನು ಆಪ್ತ ಸಲಹೆಗಾರಳು. ಈ ಪ್ರಕರಣ ಬರೆಯಲು ದಂಪತಿಗಳಿಬ್ಬರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡನನ್ನು ಸಮುವೇಲಪ್ಪ ಎಂದು ಕರೆಯುತ್ತೇನೆ.

ಅವರು ರಾಯಚೂರು ಜಿಲ್ಲೆಯ ಸಿಂಧನೂರು ಭಾಗದವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ, ಭತ್ತವನ್ನೇ ನಂಬಿದ ಸೀಮೆ ಅದು. ವಯಸ್ಸು 46. ಭತ್ತದ ವ್ಯಾಪಾರದ ಒಂದು ಅಂಗಡಿಯಲ್ಲಿ 17 ವರ್ಷಗಳಿಂದ ಗುಮಾಸ್ತರು. ತೂಕದ ಯಂತ್ರದ ಪಕ್ಕದ ಮೇಜು ಅವರದು. ಭಾನುವಾರ ಕ್ಯಾಂಪಿನ, ಅಂದರೆ ಕಾಲುವೆ ಸೀಮೆಯ ವಲಸಿಗರ ವಸತಿಯ, ಕ್ರೈಸ್ತ ಸಭೆಯಲ್ಲಿ ಬೈಬಲಿನ ವಾಕ್ಯ ಓದುವವರೂ, ಹಾಡು ಎತ್ತಿಕೊಡುವವರೂ ಅವರೇ.

ನನ್ನ ಬಳಿಗೆ ಕರೆತಂದದ್ದು ಹೆಂಡತಿ. "ರಾತ್ರಿ ಎರಡು ಗಂಟೆಗೆ ಎದ್ದು ಕುಳಿತುಬಿಡುತ್ತಾರೆ ಮೇಡಂ. ಎದೆ ಉರಿ ಎನ್ನುತ್ತಾರೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರು." ಆಕೆಗೆ ಇನ್ನೊಂದು ಸಂಕಟವೂ ಇತ್ತು. ಮೊದಲು ಸಂಬಳದಲ್ಲಿ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಸಭೆಗೆ ಕಾಣಿಕೆ ಕೊಡುತ್ತಿದ್ದವರು ಎರಡು ವರ್ಷಗಳಿಂದ ಅದರ ಎರಡರಷ್ಟು ಕೊಡುತ್ತಿದ್ದರು. ಶುಕ್ರವಾರ ಇಡೀ ರಾತ್ರಿ ಪ್ರಾರ್ಥನೆ, ವಾರಕ್ಕೆ ಎರಡು ದಿನ ಉಪವಾಸ. ನರ್ಸಿಂಗ್ ಓದುತ್ತಿರುವ ಮಗಳ ಶುಲ್ಕ ಬಾಕಿ ಉಳಿದಿತ್ತು. "ದೇವರಿಗೆ ಕೊಡಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಮಗಳಿಗೆ ಏನು ಹೇಳಲಿ?" ಎಂದರು.

ಮೊದಲ ಮೂರು ಭೇಟಿಗಳಲ್ಲಿ ನಾನು ತಪ್ಪಿದೆ. ನಿದ್ದೆಯ ಕ್ರಮ, ಉಸಿರಾಟದ ಅಭ್ಯಾಸ, ಸಂಜೆಯ ಚಹಾ ಬಿಡುವುದು, ಇವನ್ನೇ ಹೇಳಿಕೊಟ್ಟೆ. ಕೆಲಸದಲ್ಲಿ ಏನೋ ಸರಿಯಿಲ್ಲ ಎಂದು ಅವರು ಅರ್ಧ ಬಾಯಿ ತೆರೆದಾಗ, "ನೀವು ಸಂಬಳಕ್ಕಿರುವವರು, ಎಲ್ಲದರ ಹೊಣೆ ನಿಮ್ಮದಲ್ಲ" ಎಂದುಬಿಟ್ಟೆ. ಸಮಾಧಾನದ ಮಾತು ಎಂದುಕೊಂಡಿದ್ದೆ. ಅವರು ತಲೆಯಾಡಿಸಿ ಎದ್ದು ಹೋದರು; ಮತ್ತೆ ಬಂದದ್ದು ಜನವರಿಯಲ್ಲಿ, ಒಬ್ಬರೇ. ಆ ದಿನ ಹೇಳಿದ್ದು ಡಿಸೆಂಬರಿನ ಒಂದು ಸಂಗತಿ.

ಮುಂಗಾರಿನ ಭತ್ತ ಬಂದು ಬೀಳುವ ಹೊತ್ತಿಗೇ ಸಭೆಯಲ್ಲಿ ಕ್ರಿಸ್‌ಮಸ್ ಸಿದ್ಧತೆ ಆರಂಭವಾಗುತ್ತದೆ. ಹಗಲೆಲ್ಲ ತೂಕ ಬರೆದು, ರಾತ್ರಿ ಹುಡುಗರನ್ನು ಕೂಡಿಸಿಕೊಂಡು ಸಮುವೇಲಪ್ಪನವರು ಮನೆಮನೆಗೆ ಹಾಡಲು ಹೋಗುತ್ತಾರೆ. ಒಂದು ರಾತ್ರಿ ಪಕ್ಕದ ಊರಿನ ರೈತರೊಬ್ಬರು, ಕ್ರೈಸ್ತರಲ್ಲದವರು, ಮೊಮ್ಮಕ್ಕಳು ಕೇಳಲಿ ಎಂದು ತಮ್ಮ ಅಂಗಳಕ್ಕೂ ಕರೆದರು. ಅದೇ ಬೆಳಿಗ್ಗೆ ಅವರ 84 ಚೀಲ ಭತ್ತ ಅಂಗಡಿಯಲ್ಲಿ ತೂಗಿಸಿಕೊಂಡಿತ್ತು. ನಮ್ಮ ಕಡೆ ಭತ್ತದ ದರ 75 ಕಿಲೋ ಚೀಲದ ಲೆಕ್ಕ. ತೇವಾಂಶಕ್ಕೆಂದು ಕಳೆಯುವುದನ್ನು ರೈತನ ಎದುರಿಗೇ ಚೌಕಾಸಿ ಮಾಡಿ ಕಳೆಯುತ್ತಾರೆ. ಅದರ ಮೇಲೆ, ಯಾರಿಗೂ ಹೇಳದೆ, ಚೀಲಕ್ಕೆ ಎರಡು ಕಿಲೋ ಕಡಿಮೆ ಬರೆಯುವುದು ಆ ಅಂಗಡಿಯ ರೂಢಿ. ಆ ರೈತರ ಲೆಕ್ಕದಲ್ಲಿ ಹೋದದ್ದು 168 ಕಿಲೋ. ಬರೆದ ಕೈ ಸಮುವೇಲಪ್ಪನವರದು.

ಹಾಡು ಮುಗಿದ ಮೇಲೆ ರೈತರು ಪೆಟ್ಟಿಗೆಗೆ ನೂರು ರೂಪಾಯಿ ಹಾಕಿ, ಇವರ ಹೆಗಲ ಮೇಲೆ ಕೈಯಿಟ್ಟು, "ಸಮುವೇಲಣ್ಣ, ನೀವು ತೂಗಿದಿರಿ ಎಂದರೆ ನಾನು ಚೀಟಿ ನೋಡುವುದೂ ಇಲ್ಲ" ಎಂದರಂತೆ.

"ಮುಂದಿನ ಮನೆಯಲ್ಲಿ ನನಗೆ ದನಿಯೇ ಹೊರಡಲಿಲ್ಲ ಅಮ್ಮಾ" ಎಂದರು ನನಗೆ. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು.

ಸಲಹೆಗಾರಳಾಗಿ ನನ್ನ ಮುಂದಿದ್ದ ಮೊದಲ ಪ್ರಶ್ನೆ, ಇದು ಕಾಯಿಲೆಯೋ ಮನಸ್ಸಾಕ್ಷಿಯೋ ಎಂಬುದು. ಭಕ್ತಿಯುಳ್ಳವರನ್ನು ಹಿಡಿಯುವ ಗೀಳು ಕಾಯಿಲೆ ಒಂದಿದೆ. ಅದರಲ್ಲಿ ಪಾಪದ ಭಯ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೂ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಕ್ಷಮೆ ಸಿಕ್ಕಿದೆ ಎಂದು ಎಷ್ಟು ಹೇಳಿದರೂ ಆ ನೆಮ್ಮದಿ ಸ್ವಲ್ಪ ಹೊತ್ತಿಗೇ ಕರಗುತ್ತದೆ. ಅಂಥವರಿಗೆ ಮನೋವೈದ್ಯರ ಚಿಕಿತ್ಸೆ ಬೇಕು. ಇನ್ನಷ್ಟು ಪ್ರಾಯಶ್ಚಿತ್ತ ಮಾಡಿ ಎಂದರೆ ಕಾಯಿಲೆ ಬಲಿಯುತ್ತದೆ. ಸಮುವೇಲಪ್ಪನವರನ್ನು ಎರಡು ಭೇಟಿ ಪೂರ್ತಿ ಇದೇ ಕಣ್ಣಿನಿಂದ ನೋಡಿದೆ. ಅವರ ಕೊರಗು ಎಲ್ಲಿಯೂ ಹಾರಲಿಲ್ಲ. ಎಲ್ಲಿಂದ ಮಾತು ತೆಗೆದರೂ ತೂಕದ ಚೀಟಿಗೇ ಬಂದು ನಿಲ್ಲುತ್ತಿತ್ತು. ಹಾಗಿದ್ದರೆ ಅದು ಆರೋಗ್ಯವಂತ ಮನಸ್ಸಿನ ನೋವು. ಉಸಿರಾಟದ ಅಭ್ಯಾಸದಿಂದ ಅದನ್ನು ಮಲಗಿಸಲು ಹೋದದ್ದು ನನ್ನ ತಪ್ಪು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಬರೆಸಿದೆ.

ಅವರ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಒಂದು ಹಂಗಾಮಿಗೆ ಸುಮಾರು 6,000 ಚೀಲ, ಚೀಲಕ್ಕೆ ಎರಡು ಕಿಲೋ, ಅಂದರೆ 120 ಕ್ವಿಂಟಲ್. 75 ಕಿಲೋ ಲೆಕ್ಕದಲ್ಲಿ 160 ಚೀಲ. ಅದನ್ನು ವರ್ಷಗಳಿಂದ ಗುಣಿಸಿ, ಕೊನೆಗೆ ನಾಲ್ಕರಿಂದ ಗುಣಿಸಿದ್ದರು. ಬೈಬಲಿನಲ್ಲಿ ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನಲ್ಲ, ಆ ಲೆಕ್ಕ. ಬಂದ ಮೊತ್ತವನ್ನು ಅವರು ಮೂರು ಜನ್ಮ ದುಡಿದರೂ ತೀರಿಸಲಾರರು. ತೀರಿಸಲಾಗದ್ದಕ್ಕೆ ಬದಲಾಗಿ ಕಾಣಿಕೆ, ಉಪವಾಸ, ರಾತ್ರಿ ಪ್ರಾರ್ಥನೆ.

ಆ ಪುಟ ನೋಡಿ ನನ್ನ ಕಣ್ಣು ತುಂಬಿತು. ಆದರೂ ಲೆಕ್ಕ ತಪ್ಪು ಎಂದು ಹೇಳಲೇಬೇಕಿತ್ತು. ಜಕ್ಕಾಯ ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ. ವಸೂಲಿಯಾದದ್ದು ಅವನ ಮನೆ ಸೇರಿತ್ತು. ಇವರ ಮನೆ ಸೇರಿದ್ದು ಸಂಕ್ರಾಂತಿಗೆ ಸಾಹುಕಾರರು ಕೊಡುವ ಕವರು ಮಾತ್ರ, ವರ್ಷಕ್ಕೆ 8,000 ರೂಪಾಯಿ. ಸಾಹುಕಾರರ ಪಾಲಿನ ಪಾಪವನ್ನು ನೀವು ಹೊರಲಾರಿರಿ, ನಿಮ್ಮ ಪಾಲಿನದನ್ನು ಇನ್ನೊಬ್ಬರ ತಲೆಗೆ ಕಟ್ಟಲೂ ಆಗದು ಎಂದೆ. ಎರಡು ಸಾಲು ಎಳೆದು ಬೇರೆಬೇರೆ ಬರೆಸಿದೆ.

ಮುಂದಿನ ದಾರಿ ಹುಡುಕಲು ಅವರದೇ ಗ್ರಂಥಕ್ಕೆ ಹೋದೆವು. ನಾನೂ ಅದನ್ನು ಓದಿ ಬೆಳೆದವಳು. ಆದರೆ ವಾಕ್ಯವನ್ನು ಮಾತ್ರೆಯಂತೆ ಕೊಡುವುದಿಲ್ಲ. ಅವರೇ ಓದಲಿ ಎಂದು ಸುಮ್ಮನೆ ಕೂರುತ್ತೇನೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಂದಿನಿಂದ ಅದು ನಮ್ಮ ಸೀಮೆಯವರ ಮಾತಿನಲ್ಲೇ ಮಾತನಾಡುತ್ತಿದೆ. ಜ್ಞಾನೋಕ್ತಿಗಳ 11ನೆಯ ಅಧ್ಯಾಯ ಮೋಸದ ತಕ್ಕಡಿಯಿಂದಲೇ ಆರಂಭವಾಗುತ್ತದೆ. ಸಮುವೇಲಪ್ಪನವರು ಅದನ್ನು ಓದುವಾಗ ತಕ್ಕಡಿ ಎಂಬಲ್ಲಿ ನಿಂತುಬಿಟ್ಟರು.

ಸಭೆಯ ಹಿರಿಯರೊಬ್ಬರು "ಎಲ್ಲ ಅಂಗಡಿಯಲ್ಲೂ ಇದೇ ನಡೆಯುತ್ತದೆ, ದೇವರು ಹೃದಯ ನೋಡುತ್ತಾನೆ" ಎಂದಿದ್ದರು. ಇನ್ನೊಬ್ಬರು ನಾಳೆಯೇ ಕೆಲಸ ಬಿಡಿ ಎಂದಿದ್ದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಲೂಕನ 3ನೆಯ ಅಧ್ಯಾಯದಲ್ಲಿ ಸುಂಕದವರು ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಸ್ನಾನಿಕನಾದ ಯೋಹಾನನು ಸುಂಕದ ಕಟ್ಟೆ ಬಿಟ್ಟು ಬನ್ನಿ ಎನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದನು. ಮೇಜು ಅದೇ ಇರಲಿ, ಅಂಕಿ ನಿಜವಾಗಲಿ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಭಾನುವಾರದೊಳಗೆ ಹೆಂಡತಿಗೆ ಎಲ್ಲವನ್ನೂ ಹೇಳುವುದು. ಕೆಲಸ ಹೋಗಬಹುದಾದ ಹೆಜ್ಜೆಯನ್ನು ಗಂಡ ಒಬ್ಬನೇ ತೀರ್ಮಾನಿಸಿದರೆ ಅದು ಇನ್ನೊಂದು ಮೋಸವಾಗುತ್ತದೆ. ಅವರು ಹೇಳಿದರು. ಆಕೆ ಬಹಳ ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ, "ಆ ಕವರಿನ ದುಡ್ಡಿನಲ್ಲಿ ನನಗೂ ಸೀರೆ ಬಂದಿದೆಯಲ್ಲ ರೀ" ಎಂದರಂತೆ.

ಹೆಚ್ಚುವರಿ ಕಾಣಿಕೆಯನ್ನು ನಿಲ್ಲಿಸಿ ಎಂದೆ. ಇದಕ್ಕೆ ಅವರು ಬೆಚ್ಚಿದರು. ಮತ್ತಾಯನ 5ನೆಯ ಅಧ್ಯಾಯ ತೆಗೆಸಿದೆ: ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸು ಹೇಳುವ ಭಾಗ. ಆ ಹಣ ಮೊದಲು ಮಗಳ ಶುಲ್ಕಕ್ಕೆ, ಆಮೇಲೆ ಎರಡು ವರ್ಷದ ಕವರಿನ 16,000 ರೂಪಾಯಿ ತೀರುವವರೆಗೆ ರೈತರಿಗೆ ಹೋಗಲಿ ಎಂದು ಮೂವರೂ ಕುಳಿತು ಗೊತ್ತುಮಾಡಿದೆವು.

ಸಾಹುಕಾರರಿಗೆ ಹೇಳಬೇಕಾದ ಮಾತನ್ನು ನನ್ನ ಕೋಣೆಯಲ್ಲಿ ಏಳೆಂಟು ಬಾರಿ ಆಡಿಸಿದೆ. "ಸಾಹುಕಾರರೇ, ಯಂತ್ರ ತೋರಿಸಿದಷ್ಟೇ ಬರೆಯುತ್ತೇನೆ. ಕಳೆಯುವುದಿದ್ದರೆ ಬೇರೆ ಸಾಲಿನಲ್ಲಿ ಬರೆಯೋಣ, ರೈತರಿಗೆ ಕಾಣಲಿ." ಉಪದೇಶ ಬೇಡ, ವಾಕ್ಯ ಹೇಳುವುದು ಬೇಡ, ಬೇರೆಯವರ ಎದುರಿಗೆ ಬೇಡ. ತೂಕ ಮತ್ತು ಅಳತೆಗೆ 2009ರ ಕಾನೂನು ಮಾಪನ ಕಾಯ್ದೆ ಇದೆ, ಸುಳ್ಳು ತೂಕ ಬರೆದವರೂ ಸಿಕ್ಕಿಬೀಳಬಹುದು ಎಂಬುದನ್ನೂ ತಿಳಿಸಿದೆ. ಮಾತನಾಡುವ ಮೊದಲು ಎರಡು ತಿಂಗಳ ಮನೆಖರ್ಚು ಕೂಡಿಟ್ಟುಕೊಳ್ಳಲು ಹೇಳಿದೆ. ಧೈರ್ಯಕ್ಕೂ ಅಕ್ಕಿ, ಬೇಳೆ ಬೇಕು.

ಸಾಹುಕಾರರು ಕೂಗಾಡಿದರು. ಕೆಲಸದಿಂದ ತೆಗೆಯಲಿಲ್ಲ, ಗೋದಾಮಿನ ಲೆಕ್ಕಕ್ಕೆ ಹಾಕಿದರು, ಸಂಕ್ರಾಂತಿಯ ಕವರು ನಿಲ್ಲಿಸಿದರು. ತೂಕದ ಮೇಜಿಗೆ ಬೇರೊಬ್ಬ ಹುಡುಗ ಬಂದ, ಅದೇ ಎರಡು ಕಿಲೋ ಕಡಿಮೆ ಬರೆಯುತ್ತಿದ್ದಾನೆ. "ಹಾಗಾದರೆ ಏನು ಬದಲಾಯಿತು?" ಎಂದು ಸಮುವೇಲಪ್ಪನವರು ನನ್ನನ್ನು ಕೇಳಿದರು. ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ, ಇಲ್ಲ ಎಂದೇ ಹೇಳಿದೆ. ಎರಡು ವಾರ ಬಿಟ್ಟು ಅವರೇ ಒಂದು ದಾರಿ ಹಿಡಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಅಂಗಳದಲ್ಲಿ ಕುಳಿತು, ಯಾವ ಧರ್ಮದವರು ಬಂದರೂ ತೂಕದ ಚೀಟಿ ಓದುವುದು ಹೇಗೆ, ಯಂತ್ರದ ಅಂಕಿಯನ್ನು ತಾವೇ ಬರೆದುಕೊಳ್ಳುವುದು ಹೇಗೆ ಎಂದು ಕಲಿಸುತ್ತಿದ್ದಾರೆ. ಇದು ಸಾಹುಕಾರರ ಕಿವಿಗೆ ಬೀಳುತ್ತದೆ, ಆ ದಿನಕ್ಕೂ ತಯಾರಿರಿ ಎಂದು ಎಚ್ಚರಿಸಿದ್ದೇನೆ. ಗೊತ್ತಿದೆ ಎಂದರು.

ಹಾಡು ಕೇಳಿದ ರೈತರ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. 168 ಕಿಲೋದ ವಿಷಯ ಹೇಳಿ ದುಡ್ಡು ಮುಂದಿಟ್ಟರು. ರೈತರು ಬಹಳ ಹೊತ್ತು ನೆಲ ನೋಡಿ, "ಹೋದ ವರ್ಷದ್ದೂ ಹೀಗೆಯೇ?" ಎಂದು ಕೇಳಿದರು. ಇವರು ಹೌದು ಎಂದರು. ಅವರು ದುಡ್ಡು ಎಣಿಸಿ ತೆಗೆದುಕೊಂಡರು. ಕ್ಷಮಿಸಿದೆ ಎನ್ನಲಿಲ್ಲ, ಚಹಾ ಕುಡಿಯಿರಿ ಎನ್ನಲೂ ಇಲ್ಲ. ಹೋದ ವರ್ಷದ ಲೆಕ್ಕವನ್ನು ಬೇಸಿಗೆಯ ಭತ್ತ ಬರುವ ಹೊತ್ತಿಗೆ ತಂದುಕೊಡುವುದಾಗಿ ಹೇಳಿ ಬಂದಿದ್ದಾರೆ. ಎದೆ ಉರಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮುಂದಿನ ಭೇಟಿಗೆ ಮಗಳನ್ನೂ ಕರೆತರಲು ಹೇಳಿದ್ದೇನೆ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.